ಮೂರನೆಯ ಸೀನು

ಕೈಗವಸು ಹಾಕಿಕೊಂಡು ಅವಳು ಒಣಮೆಣಸಿನಕಾಯಿಯ ತೊಟ್ಟು ಮುರಿದು ಬೀಜ ಉದುರಿಸುತ್ತಿದ್ದಳು. ಅರ್ಧ ಬುಟ್ಟಿ ಮುಗಿದಿತ್ತು. ಅಷ್ಟರಲ್ಲಿ ಪಕ್ಕದ ಬೀದಿಯ ದರ್ಜಿಯಕ್ಕ ಅಂಗಿಯ ಕೊರಳನ್ನು ಒಂದು ಕೈಯಲ್ಲಿ ಎಳೆದು ಹಿಡಿದುಕೊಂಡು, ಕತ್ತು ವಾಲಿಸಿಕೊಂಡೇ ಒಳಗೆ ಬಂದಳು.

“ನಿಮ್ಮತ್ತೆ ಎಲ್ಲಿ?” ಎಂದಳು, ದನಿ ತಗ್ಗಿಸಿ.

“ಸ್ನಾನಕ್ಕೆ ಹೋಗಿದ್ದಾರೆ. ಯಾಕಕ್ಕಾ?”

“ಯಾಕೆ ಅಂತ ನೀನೇ ನೋಡು. ನೋವಿಗೆ ಮುಲಾಮು ಕೊಡಿ ಅಂದ್ರೆ ನನ್ನನ್ನ ಹುರಿದು ತಿನ್ನೋಕೆ ಹೊರಟಿದ್ದಾರೆ!”

ಕತ್ತಿನ ಹಿಂಭಾಗ ಇಸ್ತ್ರಿಪೆಟ್ಟಿಗೆ ತಗುಲಿದಂತೆ ಕೆಂಪಾಗಿತ್ತು. ನಡುವೆ ಎರಡು ನೀರ್ಗುಳ್ಳೆ.

“ನೀರು ಸುರ್ಕೊಂಡ್ರಾ?”

“ಸುರ್ಕೊಳ್ಳದೆ? ಉರಿ ಇನ್ನೂ ಹರಡ್ತು.”

“ಬರೀ ನೀರಿಗೆ ಖಾರ ಹೋಗಲ್ಲಕ್ಕಾ.” ಅವಳು ಕೈಗವಸು ಕಳಚಿ, ಹತ್ತಿಯನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ, ಗುಳ್ಳೆಗಳನ್ನು ಬಿಟ್ಟು ಸುತ್ತಲೂ ಮೆಲ್ಲಗೆ ಒರೆಸಿದಳು. ಆಮೇಲೆ ಸೋಪಿನ ನೊರೆ, ತಣ್ಣೀರು, ಒದ್ದೆ ಬಟ್ಟೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ಹದಿನಾಲ್ಕು ವರ್ಷ ನಿಂತವಳ ಕೈಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ. “ಗುಳ್ಳೆ ಒಡೀಬೇಡಿ. ಸಂಜೆ ಒಳಗೆ ಉರಿ ಇಳೀದಿದ್ರೆ ಡಾಕ್ಟರಿಗೆ ತೋರಿಸಿ.”

ದರ್ಜಿಯಕ್ಕ ಉಸ್ಸೆಂದಳು. “ಇಪ್ಪತ್ತು ವರ್ಷದಿಂದ ಇದೇ ಡಬ್ಬಿ ಕಣೇ. ಮಿಷನ್ ಮುಂದೆ ಬಾಗಿ ಬಾಗಿ ಈ ಕತ್ತು ಇನ್ನೂ ಮುರಿದು ಬಿದ್ದಿಲ್ಲ ಅಂದ್ರೆ ಅದರಿಂದಲೇ. ಆದ್ರೆ ಈಚೆಗೆ ಏನೋ ಎಡವಟ್ಟಾಗಿದೆ. ಬೇಕರಿಯವನ ಹೆಂಡ್ತಿ ಮಂಡಿಗೂ ಹೀಗೇ ಆಯ್ತಂತೆ. ನಿಲ್ಲಿಸಿ ಅಂತ ನೀನು ಹೇಳ್ತೀಯೋ, ನಾನು ಹೇಳಲೋ?”

“ನಾನೇ ಹೇಳ್ತೀನಿ. ಇವತ್ತೇ.”

“ಮೆತ್ತಗೆ ಹೇಳವ್ವಾ. ಮಗ ಹೋದ ಮೇಲೆ ಆ ಜೀವಕ್ಕೆ ಉಳಿದಿರೋದು ಇದೊಂದೇ.”

ಆ ಮಗ ತನ್ನ ಗಂಡನೂ ಆಗಿದ್ದ ಎಂದು ಅವಳು ನೆನಪಿಸಲಿಲ್ಲ. ಹನ್ನೊಂದು ತಿಂಗಳಿಂದ ಹೀಗೆಯೇ. ಬಂದವರೆಲ್ಲ ಮರುಕವನ್ನು ಅತ್ತೆಯ ಮಡಿಲಿಗೆ ಸುರಿದು, ಹೋಗುವಾಗ ಬಾಗಿಲಲ್ಲಿ ಇವಳಿಗೆ “ಅವರನ್ನ ಚೆನ್ನಾಗಿ ನೋಡ್ಕೋ” ಎಂದು ಒಂದು ಕೆಲಸ ಕೊಟ್ಟು ಹೋಗುತ್ತಿದ್ದರು.

ತಪ್ಪು ತನ್ನದೂ ಇತ್ತು. ಮೊದಲೆಲ್ಲ ಪ್ರತಿ ಸಲವೂ ಹೊಸ ಮುಲಾಮನ್ನು ಬಟಾಣಿ ಕಾಳಿನಷ್ಟು ತನ್ನ ಮೊಣಕೈಯ ಒಳಮಡಿಕೆಗೆ ಹಚ್ಚಿಕೊಂಡು, ಅರ್ಧ ಗಂಟೆ ಕಾದು, ಬರೀ ಬಿಸಿ ತಾಗಿದರೆ ಮಾತ್ರ ಡಬ್ಬಿಗೆ ತುಂಬಲು ಬಿಡುತ್ತಿದ್ದಳು. ಅವನಿಲ್ಲದ ಭಾನುವಾರಗಳನ್ನು ಮನೆಯಲ್ಲಿ ಕಳೆಯಲಾರದೆ ಅಂಗಡಿಯಲ್ಲಿ ಕೇಳಿ ಭಾನುವಾರದ ಪಾಳಿ ಹಾಕಿಸಿಕೊಂಡಳು. ಮುಲಾಮು ಕಾಯಿಸುವುದೂ ಭಾನುವಾರವೇ; ಅಂದಿನಿಂದ ಅತ್ತೆ ಒಬ್ಬರೇ ಕಾಯಿಸಿ, ತಮ್ಮ ಕೈಗೇ ಹಚ್ಚಿ ನೋಡಿ ಕೊಡುತ್ತಿದ್ದರು. ನಲವತ್ತು ವರ್ಷ ಖಾರದಲ್ಲಿ ಆಡಿದ ಆ ಕೈಗೆ ಉರಿ ಎಲ್ಲಿ ತಾಗಬೇಕು! ಈ ಭಾನುವಾರ ಅಂಗಡಿಗೆ ಬಣ್ಣ ಬಳಿಯುತ್ತಿದ್ದರೆಂದು ಅವಳು ಮನೆಯಲ್ಲಿದ್ದಳು, ಅಷ್ಟೇ.

ಅತ್ತೆ ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ದರ್ಜಿಯಕ್ಕ ಹೋಗಿಯಾಗಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಎಣ್ಣೆಯ ಸಣ್ಣ ಪಾತ್ರೆ ಕೂರಿಸಿ, ಅವಳು ಕುಟ್ಟಿಕೊಟ್ಟ ಮೆಣಸಿನಕಾಯಿ ತರಿಯನ್ನು ಬೊಗಸೆ ಬೊಗಸೆಯಾಗಿ ಸುರಿದರು. ತಕ್ಕಡಿ ಇಲ್ಲ, ಲೆಕ್ಕ ಇಲ್ಲ. ಒಲೆಯ ಉರಿ ಮಾತ್ರ ಬೆಕ್ಕಿನ ಕಣ್ಣಿನಷ್ಟು. ಖಾರ ಇಳಿದ ಎಣ್ಣೆಯನ್ನು ಸೋಸಿ, ಜೇನುಮೇಣ ಕರಗಿಸಿ ಆರಲು ಬಿಟ್ಟರೆ ಮುಲಾಮು. ಕೊಡುವಾಗ ಮಂತ್ರದಂತೆ ಒಪ್ಪಿಸುವುದೂ ಇತ್ತು: “ಗಾಯದ ಮೇಲೆ ಹಚ್ಬೇಡಿ, ಹಚ್ಚಿದ ಮೇಲೆ ಬಿಸಿನೀರು ಬೇಡ, ಕಣ್ಣು ಮುಟ್ಬೇಡಿ, ಮಕ್ಕಳ ಕೈಗೆ ಕೊಡ್ಬೇಡಿ, ಆಮೇಲೆ ನನ್ನನ್ನ ಬೈಬೇಡಿ.”

ಅವಳು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಳು. ಅತ್ತೆ ಕೈಯಾಡಿಸುತ್ತಿದ್ದರು. ಮುಕ್ಕಾಲು ಗಂಟೆಯಾಯಿತು. ಎಣ್ಣೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಘಾಟು ಅಡುಗೆಮನೆ ತುಂಬಿ ಹೊಸಿಲು ದಾಟಿತು.

“ಅತ್ತೆ, ಇಳಿಸೋಣ್ವಾ?”

“ಇನ್ನೂ ಆಗಿಲ್ಲ.”

ಮತ್ತೆ ಕಾಲು ಗಂಟೆ. ಎಣ್ಣೆ ರಕ್ತಗೆಂಪಾಯಿತು.

“ಸಾಕು ಅತ್ತೆ, ಕಪ್ಪಾಗ್ತಿದೆ.”

“ಇರು ಅಂದ್ನಲ್ಲ.”

ಅತ್ತೆಯ ಕಣ್ಣು ಪಾತ್ರೆಯ ಮೇಲಿರಲಿಲ್ಲ. ಸೌಟು ಸುತ್ತುತ್ತಿತ್ತು, ಕತ್ತು ಮಾತ್ರ ಹೊರಕೋಣೆಯ ಬಾಗಿಲ ಕಡೆ ತುಸು ವಾಲಿತ್ತು. ಯಾರೋ ಕರೆಯುವುದನ್ನು ಕೇಳಿಸಿಕೊಳ್ಳಲು ಕಾದಂತೆ.

ಹೊರಕೋಣೆಯಲ್ಲಿ ಅವನ ಮೇಜಿತ್ತು. ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಎಳ್ಳಿನಷ್ಟು ಸಣ್ಣ ತಿರುಪುಗಳ ಮೇಲೆ ಬಾಗಿರುತ್ತಿದ್ದ. ಘಾಟು ಹೊಸಿಲು ದಾಟಿದರೆ ಮೊದಲ ಸೀನು. “ಅಮ್ಮಾ, ಒಂದು!” ಒಲೆಯ ಉರಿ ಇನ್ನಷ್ಟು ತಗ್ಗುತ್ತಿತ್ತು. “ಎರಡು! ನನ್ನ ತಿರುಪು ಹಾರಿ ಹೋಯ್ತು, ಹುಡುಕಿಕೊಡೋರ್ಯಾರು?” ಮೂರನೆಯದಕ್ಕೆ ಪಾತ್ರೆ ಕೆಳಗೆ. ಅತ್ತೆಯ ಮೂಗು ಘಾಟಿಗೆ ಪಳಗಿ ಎಂದೋ ಮೊಂಡಾಗಿತ್ತು. ಅವನ ಮೂಗು ಮಾತ್ರ ಮೆಣಸಿನಕಾಯಿ ಯಾವ ಜಾತಿಯದಾದರೂ ಸುಳ್ಳು ಹೇಳುತ್ತಿರಲಿಲ್ಲ. “ಊರಿಗೆಲ್ಲ ಗಡಿಯಾರ ರಿಪೇರಿ ಮಾಡೋನ ಮನೇಲಿ ಸೀನೇ ಗಡಿಯಾರ,” ಎಂದು ಅವಳೇ ಎಷ್ಟು ಸಲ ನಕ್ಕಿದ್ದಳು. ತಮಾಷೆ ಎಂದುಕೊಂಡಿದ್ದಳು. ಅದೇ ಅಳತೆ ಎಂದು ಈಗ ಹೊಳೆಯಿತು.

ಅವಳು ಒಲೆ ಆರಿಸಿ ಪಾತ್ರೆ ಎತ್ತಿದಳು.

“ಏ, ಯಾಕೆ? ಅವನಿನ್ನೂ—”

ಅತ್ತೆ ಅಲ್ಲಿಗೇ ನಿಂತರು. ಸೌಟಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ಇಬ್ಬರೂ ಆ ಹನಿಯನ್ನೇ ನೋಡಿದರು.

ಇಬ್ಬರ ಕೈಯಲ್ಲೂ ಖಾರವಿತ್ತು. ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಕೈಗಳನ್ನು ಮೈಯಿಂದ ದೂರ ಹಿಡಿದು ಹಾಗೆಯೇ ನಿಂತರು. ಇಳಿಯುವುದು ತಾನಾಗಿ ಇಳಿದು, ಗದ್ದದ ತುದಿಯಿಂದ ತೊಟ್ಟಿಕ್ಕಿತು. ಹನ್ನೊಂದು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

“ಘಾಟು ಜಾಸ್ತಿ,” ಎಂದರು ಅತ್ತೆ.

“ಹ್ಞೂಂ.”

“ದರ್ಜಿ ಬಂದಿದ್ಲಲ್ಲ. ಕೇಳಿಸ್ತು. ಬಚ್ಚಲುಮನೆ ಗೋಡೆಗೂ ಕಿವಿ ಇದೆ.” ಅವರು ಕೈಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿದರು. ಉಗುರುಸಂದಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದರು. “ನಿಲ್ಲಿಸು ಅಂತ ಹೇಳೋಕೇ ನಿಂತಿದ್ದೀಯ ತಾನೆ ಬೆಳಿಗ್ಗೆಯಿಂದ? ಹೇಳಿಬಿಡು. ಜನರ ಮೈ ಸುಟ್ಟು ನಾನ್ಯಾವ ಪುಣ್ಯ ಕಟ್ಕೊಳ್ಳಲಿ.”

ಮಾತು ಬಾಯಿಗೇ ಬಂದಿತ್ತು. ದರ್ಜಿಯಕ್ಕನಿಗೆ ಕೊಟ್ಟ ಮಾತೂ ಇತ್ತು. ಆದರೆ ಅತ್ತೆಯ ಕತ್ತು, ಅವರಿಗೇ ತಿಳಿಯದಂತೆ, ಮತ್ತೆ ಆ ಬಾಗಿಲ ಕಡೆಗೇ ವಾಲಿತ್ತು.

“ಈ ಎಣ್ಣೆ ಯಾರಿಗೂ ಬೇಡ ಅತ್ತೆ, ಎಸೆಯೋಣ. ಮುಂದಿನ ವಾರ ತೂಕ ಮಾಡಿ ಹಾಕೋಣ. ಹಳೇ ಡಬ್ಬಿಗಳನ್ನ ನಾನು ಮನೆಮನೆಗೆ ಹೋಗಿ ವಾಪಸ್ ತರ್ತೀನಿ.”

“ಮುಂದಿನ ವಾರ ನೀನೆಲ್ಲಿರ್ತೀಯ? ಅಂಗಡಿ.”

ಅವಳೂ ಕೈಗೆ ಎಣ್ಣೆ ತಿಕ್ಕಿ ತೊಳೆದುಕೊಂಡಳು. ಎಣ್ಣೆ ಆರಿದ ಮೇಲೆ ಹಳೆಯ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಕಸದ ಚೀಲಕ್ಕೆ ಹಾಕಿದಳು. ನೆಲದ ಹನಿ ಒರೆಸಿದಳು. ಆಮೇಲೆ ಹೊರಕೋಣೆಗೆ ಹೋದಳು.

ಅವನ ಮೇಜಿನ ಮೇಲೆ ಯಾರೂ ತೆಗೆದುಕೊಂಡು ಹೋಗದ ಗಡಿಯಾರಗಳಿದ್ದವು. ಮುಳ್ಳು ದೊಡ್ಡದಾಗಿದ್ದ ಒಂದನ್ನು ಆರಿಸಿ, ಕೀಲಿ ತಿರುಗಿಸಿ, ಅಡುಗೆಮನೆಯಿಂದ ಕಾಣದಂತೆ ಮೇಜಿನ ಮೇಲಿನ ಬಿಡಿಭಾಗಗಳ ಡಬ್ಬಗಳ ಹಿಂದೆ ಇಟ್ಟಳು. ಕುರ್ಚಿಯ ಧೂಳು ಒರೆಸಿ, ಅದರಲ್ಲಿ ಕೂತು ನೋಡಿದಳು. ಬಾಗಿಲಿಂದ ಅತ್ತೆಯ ಬೆನ್ನು ಕಾಣುತ್ತಿತ್ತು. ಮೇಜಿನ ಮೇಲೆ ಬಾಗಿದರೆ, ಅವರು ತಿರುಗಿದರೂ ಇವಳ ಮುಖ ಕಾಣದು.

ಭಾನುವಾರದ ಪಾಳಿ ಬಿಡಬೇಕು. ಮೊಣಕೈಗೆ ಹಚ್ಚಿ ನೋಡುವುದನ್ನು ಮತ್ತೆ ಶುರುಮಾಡಬೇಕು. ಮುಕ್ಕಾಲು ಗಂಟೆ ಆಗುತ್ತಿದ್ದಂತೆ ಇಲ್ಲಿ, ಈ ಕುರ್ಚಿಯಲ್ಲಿ, ಮೂಗಿಗೆ ಬಟ್ಟೆ ಇಲ್ಲದೆ ಕೂತಿರಬೇಕು. ಸೀನು ತಾನಾಗಿ ಬಂದರೆ ಬಂತು. ಬಾರದಿದ್ದರೆ ಬರಿಸಿಕೊಳ್ಳಬೇಕು, ಮೂರು ಸಲ. ಅತ್ತೆಗೆ ಗೊತ್ತಾಗದೆ ಇರುವುದಿಲ್ಲ. ಗೊತ್ತಾದರೂ ಅವರು ಕೇಳುವುದಿಲ್ಲ.

“ಅಲ್ಲೇನು ಮಾಡ್ತಿದ್ದೀಯೇ?” ಅತ್ತೆ ಒಳಗಿನಿಂದ ಕೂಗಿದರು.

“ಏನಿಲ್ಲ ಅತ್ತೆ,” ಎಂದಳು. “ಧೂಳು ಒರೆಸ್ತಿದ್ದೆ.”