ಬಾವಿ ಒಂದೇ, ಕೊಡ ಮೂರು

ಮಗಳು ಚಪ್ಪಲಿ ಗೂಡಿನೊಳಗೆ ಸೊಂಟದವರೆಗೆ ತೂರಿಕೊಂಡು ಅಪ್ಪನ ಸರ್ವರಿನ ಸ್ವಿಚ್ಚು ತಡಕಿ ಒತ್ತಿದಳು. ಅದು ಮುದಿ ಹುಲಿಯಂತೆ ಗುರ್ ಎಂದಿತು. ಊರಿನ ಲಿಫ್ಟುಗಳ ಕಾಯಿಲೆಯನ್ನೆಲ್ಲ ಬೀದಿಯಲ್ಲಿ ನಿಂತು ಕಿವಿಯಿಂದಲೇ ಪತ್ತೆಮಾಡುತ್ತಿದ್ದ ಮಹಾ ಮೆಕ್ಯಾನಿಕ್ ಅಪ್ಪ ಈಗ ನಡುಮನೆಯ ಶವಪೆಟ್ಟಿಗೆಯಲ್ಲಿದ್ದ, ಮುಚ್ಚಳಕ್ಕೆ ಮೊಳೆ ಹೊಡೆದಿತ್ತು. ಹತ್ತನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದವನ ಮುಖ ಯಾರಿಗೂ ತೋರಿಸುವಂತಿರಲಿಲ್ಲ. ಜೇಬಿನಲ್ಲಿದ್ದ ಫೋನು, ಗುರುತಿನ ಚೀಟಿಗಳೂ ಅವನೊಂದಿಗೇ ಪುಡಿಯಾಗಿದ್ದವು.

"ಪೆಟ್ಟಿಗೆ ಮೇಲಿಡೋಕೆ ಒಂದಾದ್ರೂ ಫೋಟೋ ಬೇಕು ಮಗಾ," ಎಂದ ಚಿಕ್ಕಪ್ಪ. "ಹನ್ನೊಂದಕ್ಕೆ ಗಾಡಿ ಬರುತ್ತೆ. ಬಂದೋರು ಬರೀ ಹಲಗೆ ನೋಡ್ಕೊಂಡು ಹೋಗ್ಬೇಕಾ?"

"ಒಂದಲ್ಲ, ಸಾವಿರ ಇವೆ ಚಿಕ್ಕಪ್ಪ."

*

ಫೋಟೋ ಕೂಡಿಡಲೆಂದು ಆ ಸರ್ವರನ್ನು ಕೂಡಿಸಿದ ದಿನ ಅಪ್ಪ ಅಣೆಕಟ್ಟು ಉದ್ಘಾಟಿಸುವವನಂತೆ ನಿಂತಿದ್ದ. ಹಳೇ ಆಲ್ಬಮ್ಮುಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಾಗದವನ್ನು ರದ್ದಿಗೆ ಹಾಕಿಯಾಗಿತ್ತು.

"ಮನೆ ಫೋಟೋ ಎಲ್ಲಾ ಇನ್ಮೇಲೆ ಇಲ್ಲೇ. ಮೂರು ಜನರ ಕಂಪ್ಯೂಟರಲ್ಲೂ ಕಾಣುತ್ತೆ. ಬಾವಿ ಒಂದೇ, ಕೊಡ ಮೂರು!"

"ಅಳಿಸೋ ಅಧಿಕಾರ ಯಾರಿಗಣ್ಣಾ?" ಎಂದು ಚಿಕ್ಕಪ್ಪ ಕೇಳಿದ್ದ.

"ಎಲ್ರಿಗೂ. ಮನೆಯೊಳಗೂ ಬೀಗ ಹಾಕ್ಲೇನೋ?"

ಅಮ್ಮ ಅರ್ಥವಾದವಳಂತೆ ತಲೆಯಾಡಿಸಿದ್ದಳು. ಯಾರಿಗೂ ಅರ್ಥವಾಗಿರಲಿಲ್ಲ.

*

ಮಗಳ ಕಂಪ್ಯೂಟರಿನಲ್ಲಿ ಫೋಲ್ಡರು ತೆರೆಯಿತು. ಅಮ್ಮನ ಗಿಡಗಳಿದ್ದವು, ಚಿಕ್ಕಪ್ಪನ ಬೈಕಿತ್ತು, ಅವಳಿದ್ದಳು. ಅಪ್ಪ ಇರಲಿಲ್ಲ.

"ಅಮ್ಮಾ, ಅಪ್ಪನ ಫೋಟೋ ಅಳಿಸಿದ್ಯಾ?"

"ನನ್ನ ಕಂಪ್ಯೂಟರಲ್ಲಿ ಇದ್ದದ್ದು ಅಷ್ಟೇ ಕಣೇ. ಜಾಗ ತುಂಬಿದೆ, ಬೇಡದ್ದು ಅಳಿಸಿ ಅಂತ ಅವರೇ ಚೀಟಿ ಅಂಟಿಸಿದ್ರಲ್ಲ. ದಿನಾ ಕಣ್ಮುಂದೆ ಓಡಾಡೋ ಮನುಷ್ಯನ ಫೋಟೋ ಯಾಕೆ ಅಂತ... ನಿಮ್ಮಗಳ ಹತ್ರ ಇರುತ್ತಲ್ಲಾ."

ಚಿಕ್ಕಪ್ಪ ಬಗ್ಗಿ ತೆರೆ ನೋಡಿದ. "ನಾನೂ ಒಂದಷ್ಟು ಅಳಿಸ್ದೆ ಅತ್ತಿಗೆ. ನಿಮ್ಮ ಹತ್ರ ಇರುತ್ತೆ ಅಂತ. ಒಬ್ರು ಅಳಿಸಿದ್ರೆ ಮೂರೂ ಕಡೆ ಹೋಗುತ್ತೆ ಅಂತ ಈಗ ಗೊತ್ತಾಯ್ತು."

ಮಗಳು ಮೊದಲಿನಿಂದ ಹುಡುಕತೊಡಗಿದಳು. ತನ್ನ ಪದವಿಯ ದಿನ ಗ್ರೀಸು ಮೆತ್ತಿದ ಅಂಗಿಯಲ್ಲೇ ಓಡಿಬಂದು ಪಕ್ಕದಲ್ಲಿ ನಿಂತಿದ್ದ ಅಪ್ಪನನ್ನು ಅಳಿಸಿದವಳು ಅವಳೇ.

ಮೂರು ಸಲ ಜಾಲಾಡಿದ ಮೇಲೆ ಸಿಕ್ಕಿದ್ದು ಒಂದೇ. ಲಿಫ್ಟಿನ ವೈರು ಬಿಚ್ಚುವ ಮುನ್ನ, ಯಾವುದು ಎಲ್ಲಿತ್ತೆಂಬ ಗುರುತಿಗೆಂದು ಅಪ್ಪ ತೆಗೆದುಕೊಂಡದ್ದು. ಅರ್ಧ ವೈರು, ಉಳಿದರ್ಧ ಲೆನ್ಸಿಗೆ ಅಡ್ಡ ಬಂದ ಅವನ ಹೆಬ್ಬೆರಳು, ಕಪ್ಪುಗಟ್ಟಿ ಸೀಳಿದ ಉಗುರು.

ಹನ್ನೊಂದಕ್ಕೆ ಗಾಡಿ ಬಂದಾಗ ಪೆಟ್ಟಿಗೆಯ ಮೇಲೆ, ಚೌಕಟ್ಟಿನೊಳಗೆ, ಮನುಷ್ಯನ ತಲೆಯಷ್ಟು ದೊಡ್ಡ ಹೆಬ್ಬೆರಳಿತ್ತು. ಬಂದವರು ನೋಡಿ, ಮುಖ ಮುಖ ನೋಡಿಕೊಂಡು ಸರಿದರು. ಮೂವತ್ತು ವರ್ಷ ಅವನ ಜೊತೆ ಹಗ್ಗ ಹಿಡಿದಿದ್ದ ಮುದಿ ಮೆಕ್ಯಾನಿಕ್ ಮಾತ್ರ ಬಗ್ಗಿ ದಿಟ್ಟಿಸಿದ.

"ಇವನೇ," ಎಂದ.

ಆಮೇಲೆ ತನ್ನ ಗ್ರೀಸಿನ ಹೆಬ್ಬೆರಳನ್ನು ಗಾಜಿನ ಮೇಲೆ, ಅದರ ನೇರಕ್ಕೆ ಒತ್ತಿ ಹಿಡಿದ. ತೆಗೆದಾಗ ಅಲ್ಲೊಂದು ಕಪ್ಪು ಗುರುತು ಉಳಿಯಿತು. ಮಗಳು ಅದನ್ನು ಒರೆಸಗೊಡಲಿಲ್ಲ.