ಕುಲುಮೆಯ ಬಾಗಿಲು

"ಯಾರು ತೆಗೆದಿದ್ದು ಬಾಗಿಲನ್ನ?"

ಕುಲುಮೆಯ ಉಸ್ತುವಾರಿಯ ಇಂಜಿನಿಯರಮ್ಮ ಹೆಗಲ ಚೀಲವನ್ನೂ ಇಳಿಸದೆ ಕೇಳಿದಳು. ವಿಭಾಗದ ಮುಖ್ಯಸ್ಥರು ಕಪ್ಪು ಅಲಗೊಂದನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಅವಸರಪ್ಪ ಎಂದೇ ಕರೆಯುತ್ತಿದ್ದರು.

"ನಾನೇ ಕಣಮ್ಮ. ನಾಳೆ ಪರೀಕ್ಷೆ ನೋಡೋಕೆ ಅತಿಥಿಗಳು ಬರ್ತಾರಲ್ಲ. ನೋಡು, ಒಂದು ಗೀರೂ ಇಲ್ಲ."

"ಒಳಗೆ ಬಿಸಿ ಎಷ್ಟಿತ್ತು ಸರ್?"

"ಆರುನೂರು ಡಿಗ್ರಿ ಇತ್ತೇನೋ. ಬಾಗಿಲು ತೆಗೆದಿಟ್ಟೆ, ಬೇಗ ತಣ್ಣಗಾಯ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ರಾಕೆಟ್ ಎಂಜಿನ್ನಿನ ಟರ್ಬೈನಿನಲ್ಲಿ, ಬೆಂಕಿಯ ನಡುವೆ ತಿರುಗಬೇಕಾದ ಅಲಗು ಅದು. ಕೂದಲಿಗಿಂತ ಸಣ್ಣ ಪಿಂಗಾಣಿ ಎಳೆಗಳನ್ನು ನೇಯ್ದು, ಒಂದೊಂದಕ್ಕೂ ಇಂಗಾಲದ ತೆಳು ಲೇಪ ಕೊಟ್ಟು, ಸಂದುಗಳನ್ನೆಲ್ಲ ಪಿಂಗಾಣಿಯಿಂದಲೇ ತುಂಬಿಸಲು ತಿಂಗಳುಗಟ್ಟಲೆ ಹಿಡಿದಿತ್ತು. ಆ ಲೇಪವಿದ್ದರೆ ಎಳೆಗಳು ಒಳಗೇ ಜಾರಿ, ಜಗ್ಗಿ, ಪೆಟ್ಟು ತಾಳಿಕೊಳ್ಳುತ್ತವೆ. ಬಿಸಿಯಿರುವಾಗ ಗಾಳಿ ಹೊಕ್ಕರೆ ಲೇಪ ಸುಟ್ಟುಹೋಗುತ್ತದೆ, ಹೊರಗೆ ಮಾತ್ರ ಏನೂ ಕಾಣುವುದಿಲ್ಲ. ಇದನ್ನು ಈ ಮನುಷ್ಯನಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

"ಇದನ್ನ ಪರೀಕ್ಷೆಗೆ ಕೊಡಕ್ಕಾಗಲ್ಲ ಸರ್."

"ತಲೆ ಕೆಟ್ಟಿದೆಯಾ ನಿಂಗೆ? ಇರೋದು ಇದೊಂದೇ. ಎಂಜಿನ್ ಪರೀಕ್ಷೆಯ ಈ ಸಲದ ಸರದಿ ಬಿಟ್ರೆ ಲೋಹದ ಅಲಗು ಮಾಡೋ ವಿಭಾಗದವರು ಕಿತ್ಕೋತಾರೆ, ನಮ್ಮ ವಿಭಾಗಕ್ಕೆ ಬೀಗ ಬೀಳುತ್ತೆ. ಒಂದೇ ಒಂದು ಬಿರುಕು ತೋರ್ಸು, ಒಪ್ಕೋತೀನಿ."

ಅಲಗಿನ ಜೊತೆಯಲ್ಲೇ ಬೆಂದ ತೆಳು ಪಟ್ಟಿಯೊಂದು ತಟ್ಟೆಯಲ್ಲಿತ್ತು. ಪ್ರತಿ ಸಲವೂ ಮುರಿದು ನೋಡಲೆಂದೇ ಇಡುವ ತುಂಡು. ಸರಿಯಾಗಿ ಬೆಂದದ್ದು ಹಸಿ ಕಡ್ಡಿಯ ಹಾಗೆ ನಾರುನಾರಾಗಿ ಸೀಳುತ್ತದೆ, ಸುಲಭಕ್ಕೆ ಸೋಲುವುದಿಲ್ಲ. ಅವಳು ಅದನ್ನು ಅವರ ಕೈಗಿಟ್ಟಳು.

"ಬಗ್ಗಿಸಿ."

ಅವರು ಎರಡು ಕೈಯಲ್ಲೂ ಹಿಡಿದು ಉಸಿರು ಬಿಗಿಹಿಡಿದರು. ಬಲ ಹಾಕುವ ಮೊದಲೇ ಅದು ಬಿಸ್ಕತ್ತಿನ ಹಾಗೆ ಚಟ್ಟನೆ ಮುರಿಯಿತು. ಮುರಿದ ಜಾಗ ನುಣ್ಣಗಿತ್ತು. ಅವರು ಸ್ಟೂಲಿನ ಮೇಲೆ ಕುಸಿದು ಕೂತರು.

ಬಯ್ಯಲೆಂದು ಅವಳು ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಆ ಮುಖ ನೋಡಿ ಯಾವುದೂ ಬಾಯಿಗೆ ಬರಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಸರದಿ ಬಿಟ್ಕೊಡ್ತೀವಿ ಅಂತ ಫೋನ್ ಮಾಡಿ ಸರ್. ನೀವೇ ಮಾಡಿ."

ಅವರು ಮಾಡಿದರು. ಫೋನಿಟ್ಟ ಮೇಲೂ ಉಳಿದ ತುಂಡನ್ನು ಮತ್ತೆ ಮತ್ತೆ ಮುರಿಯುತ್ತಿದ್ದರು, ಎಲ್ಲಾದರೂ ಒಂದು ಎಳೆ ಹೊರಚಾಚಿದ್ದು ಕಂಡೀತೇನೋ ಎಂದು.

ಅವಳು ಹೋಗಿ ಕುಲುಮೆಯ ಬಾಗಿಲನ್ನು ಮುಚ್ಚಿ, ತಿರುಪುಗಳನ್ನು ಒಂದೊಂದಾಗಿ ಬಿಗಿಮಾಡಿದಳು. ಒಳಗೆ ಏನೂ ಇರಲಿಲ್ಲ.