ದೇವರ ಶೋಲೆಯ ಹತ್ತು ಕೊಳವೆ

ಹಾಲನ್ ಹಕ್ಕಿಯ ರೆಕ್ಕೆ ಬಿಡಿಸಿ ಸೂಜಿ ತಾಗಿಸಿದ. ಸಾಸಿವೆಯಷ್ಟು ರಕ್ತ ಮೂಡಿತು. ಅದನ್ನು ಕೊಳವೆಗೆ ಹೀರಿಸಿ, ಗಾಯಕ್ಕೆ ಹತ್ತಿ ಒತ್ತಿ, ಅಂಗೈ ಬಿಚ್ಚಿದ. ಬೆನ್ನು ನೀಲಿ, ಪಕ್ಕೆ ಇಟ್ಟಿಗೆ ಬಣ್ಣದ ಆ ಪುಟ್ಟ ಹಕ್ಕಿ ಪುರ್ರನೆ ಪೊದೆಗೆ ನುಗ್ಗಿತು. ಅವನು ಕೂತಿದ್ದದ್ದು ಅವಲಾಂಚ್ ಜಲಾಶಯದ ಮೇಲಿನ ಕಾಡಿನಲ್ಲಿ. ಕೊಳವೆಯ ಚೀಟಿಯ ಮೇಲೆ ಬರೆದದ್ದು ಮಾತ್ರ ‘ದೇವರ ಶೋಲೆ, ಕಟ್ಟಬೆಟ್ಟು’ ಎಂದು. ಅದು ಹತ್ತನೆಯದು. ಬರೆಯುವಾಗ ಕೈ ನಡುಗಲಿಲ್ಲ. ಆವತ್ತು ಕೈಯಾದರೂ ನಡುಗಬಾರದಿತ್ತೇ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಹಾಲನ್ ಸುಳ್ಳು ಹೇಳುವ ಮನುಷ್ಯನಲ್ಲ. ಮೈಸೂರಿನ ಸಂಶೋಧಕಿ ಗಾಯತ್ರಿ ನೀಲಗಿರಿಯ ಕಾಡುಗಳನ್ನು ಸುತ್ತಿ ಹಕ್ಕಿಗಳ ರಕ್ತ ಕೂಡಿಸತೊಡಗಿ ಮೂರು ವರ್ಷವಾಗಿತ್ತು. ಮೂರು ವರ್ಷವೂ ಬಲೆ ಕಟ್ಟಿದವನು, ದಾರಿ ತೋರಿದವನು, ಕೊನೆಕೊನೆಗೆ ಸೂಜಿಯನ್ನೂ ಹಿಡಿದವನು ಇವನೇ. ಗುಡ್ಡದ ನೆತ್ತಿಯಲ್ಲಿ ಕೂತು ಬುತ್ತಿ ತಿನ್ನುವಾಗ ಅವಳು ಹೇಳುವುದಿತ್ತು: “ಇಪ್ಪತ್ತು ಸಾವಿರ ವರ್ಷದ ಹಿಂದೆ ಲೋಕಕ್ಕೆಲ್ಲ ಭಾರಿ ಚಳಿ ಬಂತು ಹಾಲಣ್ಣ. ಮಳೆ ಕಮ್ಮಿಯಾಯ್ತು, ಬೆಟ್ಟದ ಮೇಲಿನ ಕಾಡೆಲ್ಲ ಒಣಗಿ ಹುಲ್ಲಾಯ್ತು. ನೀರು ಉಳಿದ ಕಣಿವೆಗಳಲ್ಲಿ ಮಾತ್ರ ಮರ ಉಳೀತು. ಹಕ್ಕಿಗಳು ಅಲ್ಲೇ ಬಚ್ಚಿಟ್ಟುಕೊಂಡ್ವು. ಎಷ್ಟು ಕಾಲ ಅಂದ್ರೆ, ಒಂದೊಂದು ಕಣಿವೆಯ ರಕ್ತವೇ ಬೇರೆಬೇರೆ ಆಗೋಯ್ತು.” ಹಾಲನ್ ಹೂಂಗುಟ್ಟುತ್ತಿದ್ದ. ಊಟಿಯ ಜನವರಿ ಇಬ್ಬನಿಯನ್ನು ಬರಿಗಾಲಲ್ಲಿ ತುಳಿದವನಿಗೆ ಚಳಿಯ ಕಥೆ ಯಾರು ಹೇಳಬೇಕು? ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ.

ಅಷ್ಟರಲ್ಲಿ ಅವನ ಹಟ್ಟಿಯಾದ ಕಟ್ಟಬೆಟ್ಟಿನ ಪಕ್ಕದ ದೇವರ ಶೋಲೆಗೆ, ಹಿರಿಯರು ದೇವರಿಗೆಂದು ಬಿಟ್ಟ ಕಣಿವೆಯ ಕಾಡಿಗೆ, ಕಂಟಕ ಬಂತು. ಹೊಸ ರಸ್ತೆ ಹಾಕಬೇಕು. ಶೋಲೆಯ ನಡುವೆ ಹೋದರೆ ಹತ್ತಿರ, ಗುಡ್ಡ ಬಳಸಿದರೆ ದೂರ. ಆ ಶೋಲೆಯ ಹಕ್ಕಿಗಳು ವಿಶೇಷವೆಂದು ತಿಳಿದರೆ ಬಳಸು ದಾರಿ ಹಿಡಿಯುವುದೆಂದು ತೀರ್ಮಾನವಾಯಿತು. ಗಾಯತ್ರಿಯ ವರದಿಯನ್ನು ಅಧಿಕಾರಿಗಳು ತಿಂಗಳ ಕೊನೆಯೊಳಗೆ ಕೇಳಿದರು. ಹಟ್ಟಿಯ ಯಜಮಾನ ಮಹಾಲಿಂಗಂ ಹಾಲನ್‌ನ ಹೆಗಲ ಮೇಲೆ ಕೈಯಿಟ್ಟ. “ಹಾಲಾ, ಆ ಹಕ್ಕಿ ರಿಪೋರ್ಟ್ ಬಂದಲೆ ನಂಗ ಸೋಲೆ ಉಳಿಗು. ಎಲ್ಲಾ ನಿನ್ನ ಕೈಲೆ ಇದ್ದರ.”

ಗಾಯತ್ರಿ ಹತ್ತು ಖಾಲಿ ಕೊಳವೆ ಕೊಟ್ಟು ಬೆಂಗಳೂರಿನ ಪ್ರಯೋಗಶಾಲೆಗೆ ಹೋದಳು. ಮರುದಿನವೇ ಹಾಲನ್‌ನ ತಾಯಿ ತೀರಿಕೊಂಡಳು. ಸಾವಾದ ಮನೆಯವರು ಒಂದು ತಿಂಗಳು ದೇವರ ಶೋಲೆಗೆ ಕಾಲಿಡಬಾರದು. ಅದು ಹಟ್ಟಿಯ ಕಟ್ಟಳೆ. ಆ ಕಟ್ಟಳೆಗಳಿಂದಲೇ ಅಲ್ಲಿ ಇದುವರೆಗೆ ಒಂದು ಕೊಂಬೆಯೂ ಮುರಿದಿರಲಿಲ್ಲ. ಹಕ್ಕಿಯ ರಕ್ತ ತೆಗೆಯಲು ಬರುವವನು ಹಟ್ಟಿಯಲ್ಲಿ ಇವನೊಬ್ಬನೇ.

“ಅವ್ವೆ ಸತ್ತು ಹನ್ನೆರಡು ದಿನ ಕೂಡ ಆಗಿಲ್ಲೆ,” ಎಂದಳು ಹೆಂಡತಿ ಲಿಂಗಿ. “ಆ ಸೋಲೆಗ ಕಾಲಿಟ್ಟಲೆ ದೇವರು ಬಿಡದು.”

ಹಾಲನ್ ಎರಡು ದಿನ ಯೋಚಿಸಿದ. ಮೂರನೆಯ ದಿನ ಅವಲಾಂಚಿನ ಬಸ್ಸು ಹತ್ತಿದ. ಹಕ್ಕಿ ಅದೇ ಹಕ್ಕಿ, ರಕ್ತ ಅದೇ ಕೆಂಪು. ಶೋಲೆಯಲ್ಲಿ ಈ ಹಕ್ಕಿ ಇದೆಯೆಂದು ತೋರಿದರೆ ಸಾಕಲ್ಲವೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದೇವರಿಗೂ ತಪ್ಪಲಿಲ್ಲ, ಗಾಯತ್ರಿ ಅಮ್ಮಾವ್ರಿಗೂ ತಪ್ಪಲಿಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು.

ತುಂಬಿದ ಹತ್ತೂ ಕೊಳವೆಗಳನ್ನು ಬೆಂಗಳೂರಿಗೆ ಕಳಿಸಿದ. ತಿಂಗಳ ಕೊನೆಗೆ ಗಾಯತ್ರಿ ಬಂದಳು. ಜಗಲಿಯಲ್ಲಿ ಕೂತು, ಲಿಂಗಿ ಕೊಟ್ಟ ಕಾಫಿಯನ್ನು ಕುಡಿಯದೆ ಲೋಟ ತಿರುಗಿಸುತ್ತ ಹೇಳಿದಳು: “ಬೇಜಾರಾಗ್ತಿದೆ ಹಾಲಣ್ಣ. ನಿಮ್ಮ ಶೋಲೆ ಹಕ್ಕಿಗೂ ಅವಲಾಂಚ್ ಹಕ್ಕಿಗೂ ಏನೂ ವ್ಯತ್ಯಾಸ ಇಲ್ಲ. ಒಂದೇ ಮನೆಯ ಅಣ್ಣತಮ್ಮಂದಿರ ಥರ ಇವೆ. ಬೇರೆ ಇದ್ದಿದ್ರೆ ಶೋಲೆ ಉಳೀತಿತ್ತು.”

ಹಾಲನ್‌ಗೆ ಆಗ ಅರ್ಥವಾಯಿತು. ಹಕ್ಕಿ ಇದ್ದರೆ ಸಾಲದು, ಬೇರೆಯದಾಗಿರಬೇಕಿತ್ತು.

“ಇನ್ನೊಂದು ಸಲ ನೋಡೋದುಗ ಆಗದಾ, ಅಮ್ಮಾ?”

“ಯಾಕೆ? ಬೇರೆ ಯಾರೋ ತೆಗೆದಿದ್ರೆ ನಾನೇ ಅನುಮಾನ ಪಡ್ತಿದ್ದೆ. ನಿಮ್ಮ ಕೈ ನಂಗೊತ್ತಿಲ್ವಾ?” ಅವಳು ಚೀಲದಿಂದ ವರದಿ ತೆಗೆದು ಮೊದಲ ಪುಟ ತೋರಿಸಿದಳು. “ನೋಡಿ, ನಿಮ್ಮ ಹೆಸರೂ ಹಾಕಿದೀನಿ.”

ಅಕ್ಷರ ಇಂಗ್ಲಿಷಿನದು. ಆದರೂ ತನ್ನ ಹೆಸರಿನ ಆಕಾರ ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಅವನ ಲೆಕ್ಕವನ್ನು ಎರಡನೆಯ ಸಲ ಕೇಳಿದವಳಲ್ಲ. ಹೇಳಿದರೆ ಈ ಹತ್ತು ಕೊಳವೆಯಷ್ಟೇ ಅಲ್ಲ, ಹಿಂದಿನ ಮುನ್ನೂರೂ ಸುಳ್ಳೆನ್ನಿಸಿಕೊಳ್ಳುತ್ತವೆ. ಅವಳ ಮುಖ ನೋಡಲಾಗದೆ ಅಂಗಳದ ಕೋಳಿಗಳನ್ನು ನೋಡಿದ.

“ಕಾಫಿ ಆರಿತು, ಅಮ್ಮಾ,” ಎಂದ.

ಹೇಡಿ. ಅವನೇ ತನಗೆ ಇಟ್ಟುಕೊಂಡ ಹೆಸರು ಅದು.

ಮಾರ್ಚಿನಲ್ಲಿ ಯಂತ್ರಗಳು ಬಂದವು. ನಾಲ್ಕೇ ದಿನದಲ್ಲಿ ಶೋಲೆಯ ಮರಗಳೆಲ್ಲ ಉರುಳಿದವು. ಬೇರುಗಳ ಕೆಳಗಿನ ಕಪ್ಪು ಮಣ್ಣು ಒದ್ದೆಯಾಗಿ ಬಿಸಿಲಿಗೆ ಬಿದ್ದಿತ್ತು. ಕೆಲವು ನೀಲಿ ಹಕ್ಕಿಗಳು ಚಹಾ ಗಿಡಗಳ ನಡುವೆ ಕುಪ್ಪಳಿಸುತ್ತಿದ್ದವು. ಹಾಲನ್ ಬಲೆ ಹಿಡಿದು ಮೂರು ದಿನ ಬೆಳಗಾಗುತ್ತಲೇ ಅಲ್ಲಿ ಕಾದ. ಒಂದೂ ಸಿಗಲಿಲ್ಲ. ನಾಲ್ಕನೆಯ ದಿನ ಅವೂ ಕಾಣಲಿಲ್ಲ. ಅವು ಬೇರೆಯವಾಗಿದ್ದವೋ, ಅಲ್ಲವೋ? ಹೇಳಬಲ್ಲ ರಕ್ತ ಇನ್ನೆಲ್ಲೂ ಇರಲಿಲ್ಲ.

ರಸ್ತೆಗೆ ಡಾಂಬರು ಬಿದ್ದ ವರ್ಷವೇ ಮಹಾಲಿಂಗಂ ತೀರಿಕೊಂಡ. ಕೊನೆಯವರೆಗೂ ಅವನು ಬೈದದ್ದು ಗಾಯತ್ರಿಯನ್ನು. “ಆ ಹುಡುಗಿ ನಂಗಳ ಕೆಡಿಸಿದ,” ಎನ್ನುತ್ತಿದ್ದ. ಹಾಲನ್ ಪಕ್ಕದಲ್ಲೇ ಕೂತು ಕೇಳುತ್ತಿದ್ದ.

ಅವನ ಹೆಣದ ತಲೆಯ ಕಡೆ ನಿಂತು ಹಿರಿಯ ರಾಮನ್ ಪದ್ಧತಿಯಂತೆ ಸತ್ತವನ ಹಾಗೂ ಅವನ ಹಿಂದಿನವರ ಪಾಪಗಳನ್ನು ಒಂದೊಂದಾಗಿ ಹೇಳಿದ. ಹೇಳಿದ ಪಾಪ ಕಳೆದುಹೋಗುತ್ತದೆ ಎಂಬುದು ನಂಬಿಕೆ.

“ಗಡಿಯ ಕಲ್ಲು ಸರಿಸಿದದು.”

“ಅದು ಪಾಪ,” ಎಂದಿತು ನೆರೆದ ಜನ.

“ಗೂಡಿನ ಮರಿಯ ಎತ್ತಿದದು.”

“ಅದು ಪಾಪ.”

ಹಾಲನ್ ಕಿವಿಗೊಟ್ಟು ಕಾದ. ಹಾವು ಕೊಂದದ್ದು ಬಂತು, ಕರುವಿಗೆ ಹಾಲು ಬಿಡದ್ದು ಬಂತು, ಬಾಯಾರಿ ಬಂದವನಿಗೆ ನೀರು ಕೊಡದ್ದು ಬಂತು. ಒಂದು ಕಾಡಿನ ರಕ್ತಕ್ಕೆ ಇನ್ನೊಂದು ಕಾಡಿನ ಹೆಸರು ಬರೆಯುವುದು ಹಿರಿಯರಿಗೆ ಗೊತ್ತಿದ್ದ ಪಾಪವಲ್ಲ. ರಾಮನ್ ಪಟ್ಟಿ ಮುಗಿಸಿ ಬಾಯಿ ಮುಚ್ಚಿದ. ಹೊಸ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಇಳಿದು ಹೋಯಿತು.

“ಅದು ಪಾಪ,” ಎಂದ ಹಾಲನ್, ಒಬ್ಬನೇ.

ಹೆಂಗಸರ ಸಾಲಿನಲ್ಲಿದ್ದ ಲಿಂಗಿ ತಿರುಗಿ ನೋಡಿದಳು. ಉಳಿದವರು ಹೆಣ ಎತ್ತಲು ಬಗ್ಗಿದರು.